ತಪ್ಪೇ ಮಾಡದ ಥರ್ಮೋಸ್ಟಾಟನ್ನು ಕಿತ್ತು ಹಾಕಿದ್ದೆ

ಹೋದ ವಾರ ಒಬ್ಬ ಹುಡುಗ 2003ರ ಮಾರುತಿ ಎಸ್ಟೀಮ್ ಕಾರು ತಂದು ನಮ್ಮ ಶೆಡ್ ಮುಂದೆ ನಿಲ್ಲಿಸಿದ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದಾನೆ, ಗಾಡಿ ಮೇಲೆ ತುಂಬಾ ಆಸೆ. "ಅಣ್ಣಾ, ಟ್ರಾಫಿಕ್‌ನಲ್ಲಿ ಹೀಟ್ ಆಗ್ತಿದೆ. ಥರ್ಮೋಸ್ಟಾಟ್ ತೆಗೆದುಬಿಡಿ, ನಮ್ ಕಡೆ ಬಿಸಿಲಿಗೆ ಅದು ಬೇಕಾಗೇ ಇಲ್ವಂತೆ" ಅಂದ. ಥರ್ಮೋಸ್ಟಾಟ್ ಅಂದ್ರೆ ಎಂಜಿನ್ ಕಾವೇರುವವರೆಗೆ ನೀರು ರೇಡಿಯೇಟರ್‌ಗೆ ಹೋಗದ ಹಾಗೆ ತಡೆಯುವ ಪುಟ್ಟ ವಾಲ್ವ್. ನನಗೆ ನಗು ಬಂತು. ಇಪ್ಪತ್ತು ವರ್ಷದ ಹಿಂದೆ ಇದೇ ಮಾತನ್ನು ನಾನೇ ಒಬ್ಬ ಮೇಷ್ಟ್ರಿಗೆ ಹೇಳಿದ್ದೆ. ಪಾಪ, ಅವರು ನಂಬಿದ್ದರು.

ಈ ಎಂಜಿನ್ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಮಾರುತಿ 1000 ಗಾಡಿಯ ಬಾಡಿಗೆ ದೊಡ್ಡ ಎಂಜಿನ್ ಕೂರಿಸಿ 1994ರಲ್ಲಿ ಎಸ್ಟೀಮ್ ತಂದರು. ಸುಜುಕಿಯ ಜಿ13 ಎಂಜಿನ್, 4 ಸಿಲಿಂಡರ್, 1298 ಸಿಸಿ, ಬೋರ್ 74 ಮಿ.ಮೀ., ಸ್ಟ್ರೋಕ್ 75.5 ಮಿ.ಮೀ. ಮೊದಲು ಬಂದದ್ದು ಕಾರ್ಬ್ಯುರೇಟರ್ ಗಾಡಿ, 8 ವಾಲ್ವ್, 65 ಬಿಎಚ್‌ಪಿ. 1999ರಲ್ಲಿ ಕಾರ್ಬ್ಯುರೇಟರ್ ಹೋಗಿ, ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಆಯ್ತು, 16 ವಾಲ್ವ್, 85 ಬಿಎಚ್‌ಪಿ. ಹಗುರವಾದ ಗಾಡಿಗೆ ಅಷ್ಟು ಪವರ್ ಅಂದ್ರೆ ಕೇಳಬೇಕಾ, ಆಗಿನ ಕಾಲಕ್ಕೆ ಹುಡುಗರೆಲ್ಲ ಹುಚ್ಚಾಗಿದ್ದರು. ಜಿಪ್ಸಿ ಕಿಂಗ್‌ನಲ್ಲಿ ಇರೋದೂ ಇದೇ ಮನೆತನದ ಎಂಜಿನ್. ಇಲ್ಲಿ ಗಮನಿಸಬೇಕಾದ್ದು ಒಂದೇ: ಬ್ಲಾಕೂ ಅಲ್ಯೂಮಿನಿಯಂ, ಅದರ ಮೇಲೆ ಮುಚ್ಚಳದ ಹಾಗೆ ಕೂರುವ ಹೆಡ್ಡೂ ಅಲ್ಯೂಮಿನಿಯಂ, ಸಿಲಿಂಡರ್ ಒಳಗೆ ಮಾತ್ರ ಕಬ್ಬಿಣದ ಲೈನರ್. ಅಂಬಾಸಿಡರ್‌ನ ಹಳೇ ಎಂಜಿನ್ ಪೂರ್ತಿ ಕಬ್ಬಿಣ, ನಾಲ್ಕು ಸಲ ಕುದಿಸಿದರೂ ತಣ್ಣಗಾದ ಮೇಲೆ ಎದ್ದು ಹೋಗುತ್ತಿತ್ತು. ಇದು ಹಾಗಲ್ಲ. ಒಂದು ಸಲ ಚೆನ್ನಾಗಿ ಕುದಿಸಿದರೆ ಹೆಡ್ ಬೆಂಡ್ ಆಗಿಬಿಡುತ್ತದೆ.

ಉಳಿದ ರೋಗಗಳೆಲ್ಲ ಚಿಲ್ಲರೆ. ಟ್ಯಾಪೆಟ್ ಕವರ್ ಪ್ಯಾಕಿಂಗ್ ಗಟ್ಟಿಯಾಗಿ ಆಯಿಲ್ ಜಿನುಗುವುದು, ಕಾರ್ಬ್ಯುರೇಟರ್ ಗಾಡಿಯಲ್ಲಿ ಡಿಸ್ಟ್ರಿಬ್ಯೂಟರ್ ಬುಡದ ರಬ್ಬರ್ ರಿಂಗ್ ಸೋರುವುದು, ಟ್ಯಾಪೆಟ್ ಟಕಟಕ. ಟೈಮಿಂಗ್ ಬೆಲ್ಟನ್ನು ಲಕ್ಷ ಕಿ.ಮೀ.ಗೆ ಬದಲಾಯಿಸಿ ಅಂದ್ರೆ "ಇನ್ನೂ ಚೆನ್ನಾಗಿದೆಯಲ್ಲ" ಅನ್ನುವವರಿಗೆ ಏನು ಹೇಳೋದು, ಅದು ಚೆನ್ನಾಗೇ ಇರುತ್ತದೆ, ಕಿತ್ತುಹೋಗುವ ದಿನದವರೆಗೂ.

ಈಗ ಮೇಷ್ಟ್ರ ವಿಷಯ. 2005ನೇ ಇಸವಿ, ತುಮಕೂರಿನ ಒಂದು ಗ್ಯಾರೇಜಿನಲ್ಲಿ ಉಸ್ತಾದ್ ಕೈಕೆಳಗೆ ನನಗೆ ನಾಲ್ಕನೇ ವರ್ಷ. ನಾಲ್ಕನೇ ವರ್ಷ ಬಹಳ ಅಪಾಯದ ವರ್ಷ, ಎಲ್ಲ ಗೊತ್ತಿದೆ ಅನ್ನಿಸಿರುತ್ತದೆ. ಮೇಷ್ಟ್ರದ್ದು 2001ರ ಎಂಪಿಎಫ್‌ಐ ಎಸ್ಟೀಮ್, ರಿಟೈರ್ ಆದಾಗ ಬಂದ ದುಡ್ಡಲ್ಲಿ ತಗೊಂಡಿದ್ದು. ಬೇಸಿಗೆಯಲ್ಲಿ ಟೆಂಪರೇಚರ್ ಮುಳ್ಳು ಮೇಲೇರುತ್ತಿದೆ ಅಂತ ಬಂದರು. ಉಸ್ತಾದ್ ಊರಲ್ಲಿರಲಿಲ್ಲ. ನಾನು ಹೋಸ್ ಬಿಚ್ಚಿ, ಥರ್ಮೋಸ್ಟಾಟ್ ತೆಗೆದು, ಹಳೇ ಸಾಮಾನಿನ ಡಬ್ಬಕ್ಕೆ ಎಸೆದು, ಮತ್ತೆ ನೀರು ತುಂಬಿಸಿ ಕಳಿಸಿದೆ. ಅರ್ಧ ಗಂಟೆ ಕೆಲಸ. ಮುಳ್ಳು ಆಮೇಲೆ ಅರ್ಧಕ್ಕೂ ಬರಲಿಲ್ಲ. ಮೇಷ್ಟ್ರು ಖುಷಿಯಾಗಿ ಐವತ್ತು ರೂಪಾಯಿ ಜಾಸ್ತಿಯೇ ಕೊಟ್ಟರು.

ಒಂದು ತಿಂಗಳಾದ ಮೇಲೆ ಬಂದು "ಮೈಲೇಜ್ ಯಾಕೋ ಬಿದ್ದುಹೋಗಿದೆ ಕಣಪ್ಪ, 14 ಕೊಡ್ತಿದ್ದಿದ್ದು 10 ಕೊಡ್ತಿದೆ, ಪೆಟ್ರೋಲ್ ವಾಸನೆ ಬೇರೆ" ಅಂದರು. ನಾನು ಏರ್ ಫಿಲ್ಟರ್ ಹಾಕಿ, ಪ್ಲಗ್ ಕ್ಲೀನ್ ಮಾಡಿ ಕಳಿಸಿದೆ. ಪ್ಲಗ್ ನಾಲ್ಕೂ ಕಾಡಿಗೆ ಹಚ್ಚಿದ ಹಾಗೆ ಕಪ್ಪಗಿದ್ದವು. ಅಷ್ಟು ನೋಡಿದರೂ ನನಗೆ ಹೊಳೆಯಲಿಲ್ಲ.

ಅದಾದ ಮೇಲೆ ಅವರು ಮನೆಯವರನ್ನೆಲ್ಲ ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೋದರು. ವಾಪಸ್ ಬರುವಾಗ ಚಾರ್ಮಾಡಿ ಘಾಟಿ ಹತ್ತುತ್ತಾ, ಐದು ಜನ, ಡಿಕ್ಕಿ ತುಂಬ ಲಗೇಜು, ಎಸಿ ಬೇರೆ. ಮುಳ್ಳು ಕೆಂಪಿಗೆ ಹೋಗಿದ್ದು ಅವರ ಗಮನಕ್ಕೆ ಬರುವ ಹೊತ್ತಿಗೆ ಬಾನೆಟ್‌ನಿಂದ ಹೊಗೆ. ಹೇಗೋ ಕೊಟ್ಟಿಗೆಹಾರ ತಲುಪಿದ್ದಾರೆ. ಅಲ್ಲಿಂದ ಗಾಡಿ ಲಾರಿ ಮೇಲೆ ಬಂತು, ಮೇಷ್ಟ್ರು ಬಸ್ಸಲ್ಲಿ ಬಂದರು.

ಈ ಸಲ ಉಸ್ತಾದ್ ಇದ್ದರು. ಮೊದಲು ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿಸಿದರು. ಒಂದನೇ ಸಿಲಿಂಡರ್ 13, ಎರಡು 9, ಮೂರು 9, ನಾಲ್ಕು 13. ಈ ಎಂಜಿನ್‌ಗೆ ಚದರ ಸೆಂ.ಮೀ.ಗೆ 14 ಕೆಜಿ ಒತ್ತಡ ಇರಬೇಕು, 12ಕ್ಕಿಂತ ಕೆಳಗೆ ಇಳಿಯಬಾರದು, ಒಂದಕ್ಕೂ ಇನ್ನೊಂದಕ್ಕೂ 1 ಕೆಜಿಗಿಂತ ಜಾಸ್ತಿ ವ್ಯತ್ಯಾಸ ಬರಬಾರದು. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೇ ಇಳಿದಿದ್ದರೆ ನಡುವೆ ಹೆಡ್ ಗ್ಯಾಸ್ಕೆಟ್, ಅಂದ್ರೆ ಬ್ಲಾಕಿಗೂ ಹೆಡ್ಡಿಗೂ ಮಧ್ಯೆ ಇರುವ ಪ್ಯಾಕಿಂಗ್, ಸುಟ್ಟಿದೆ ಅಂತಲೇ ಲೆಕ್ಕ, ಪಿಸ್ಟನ್ ರಿಂಗ್ ಆ ಥರ ಜೋಡಿಯಾಗಿ ಸವೆಯೋದಿಲ್ಲ.

ಆಮೇಲೆ ಅವರು ಮಾಡಿದ್ದನ್ನು ನಾನು ಇವತ್ತಿಗೂ ಮಾಡುತ್ತೇನೆ. ಫ್ಯಾನ್ ಕನೆಕ್ಟರ್ ಕಿತ್ತು, ಎಂಜಿನ್ ಕಾವೇರುವವರೆಗೆ ಓಡಿಸಿ, ಆಫ್ ಮಾಡಿ, ನನ್ನ ಕೈ ಹಿಡಿದು ರೇಡಿಯೇಟರ್ ಮೇಲೆ ಆಡಿಸಿದರು. ಮೇಲೆ ಸುಡುತ್ತಿದೆ. ಒಂದು ಗೇಣು ಕೆಳಗೆ ಬಂದರೆ ಬೆಚ್ಚಗೆ. ಇನ್ನೂ ಕೆಳಗೆ, ಬಲಗಡೆ, ತಣ್ಣಗೆ. ಅಂದ್ರೆ ಅಲ್ಲಿ ನೀರೇ ಓಡುತ್ತಿಲ್ಲ. ರೇಡಿಯೇಟರ್ ಅಂಗಡಿಯಲ್ಲಿ ಟ್ಯಾಂಕ್ ಬಿಚ್ಚಿಸಿದರೆ ಅರ್ಧಕ್ಕರ್ಧ ಟ್ಯೂಬ್ ಬಂದ್, ಬಚ್ಚಲು ಮನೆ ಹಂಡೆ ಒಳಗೆ ಕೂರುತ್ತಲ್ಲ ಬಿಳಿ ಪೊರೆ, ಅದೇ. ಮೇಷ್ಟ್ರ ಮನೆಯಲ್ಲಿ ಬೋರ್‌ವೆಲ್. ನಾಲ್ಕು ವರ್ಷದಿಂದ ಪ್ರತಿ ಭಾನುವಾರ ಬೆಳಿಗ್ಗೆ ಒಂದು ಚೊಂಬು ಬೋರ್ ನೀರು ರೇಡಿಯೇಟರ್‌ಗೆ ಹಾಕುತ್ತಿದ್ದರಂತೆ, ತುಳಸಿಗೆ ಹಾಕಿ ಉಳಿದಿದ್ದು. ತುಕ್ಕು, ಪೊರೆ ಹಿಡಿಯದ ಹಾಗೆ ಕಾಯುವ ಕೂಲಂಟ್ ಮುಖವನ್ನೇ ಆ ಎಂಜಿನ್ ನೋಡಿಲ್ಲ. ಹೆಡ್ ಬಿಚ್ಚಿದಾಗ ನೀರು ಓಡುವ ತೂತುಗಳ ಅಂಚು ಗೆದ್ದಲು ತಿಂದ ಹಾಗೆ ಕೊರೆದುಹೋಗಿತ್ತು.

ಉಸ್ತಾದ್ "ಥರ್ಮೋಸ್ಟಾಟ್ ಎಲ್ಲಿ?" ಅಂದರು. ನಾನು ಡಬ್ಬ ತೋರಿಸಿದೆ. ಹುಡುಕಿ ತೆಗಿ ಅಂದರು. ತೆಗೆದೆ. ಸೀಮೆಎಣ್ಣೆಯಲ್ಲಿ ತೊಳೆಸಿ, ವಾಲ್ವ್ ಬಾಯಿಯನ್ನು ಸ್ಕ್ರೂಡ್ರೈವರ್‌ನಿಂದ ಒಂಚೂರು ಎತ್ತಿ ಹೊಲಿಗೆ ದಾರದ ತುದಿಯನ್ನು ಒಳಗೆ ಸಿಕ್ಕಿಸಿ ಬಿಟ್ಟರು, ಅದು ದಾರವನ್ನು ಕಚ್ಚಿಕೊಂಡು ನೇತಾಡಿತು. ನಮ್ಮ ಟೀ ಪಾತ್ರೆಗೆ ನೀರು ಹಾಕಿ ಸ್ಟೌ ಮೇಲಿಟ್ಟು, ದಾರ ಹಿಡಿದು ಅದನ್ನು ಮುಳುಗಿಸಿ, ಥರ್ಮಾಮೀಟರ್ ನನ್ನ ಕೈಗೆ ಕೊಟ್ಟು ಓದುತ್ತಾ ಹೋಗು ಅಂದರು. 60. 70. ಏನೂ ಇಲ್ಲ. 80. ಅದರ ಮೇಲೆ 82 ಅಂತ ಅಚ್ಚು ಹಾಕಿತ್ತು. ನಾನು 83 ಅನ್ನುವಷ್ಟರಲ್ಲಿ ಟಣ್ ಅಂತ ಪಾತ್ರೆ ತಳಕ್ಕೆ ಬಿತ್ತು. ಬಾಯಿ ತೆರೆದು ದಾರ ಬಿಟ್ಟಿತ್ತು. ಸೌಟಿನಲ್ಲಿ ಎತ್ತಿ ತಣ್ಣೀರಿಗೆ ಹಾಕಿದರೆ ಮತ್ತೆ ಬಿಗಿಯಾಗಿ ಮುಚ್ಚಿಕೊಂಡಿತು. ಹೊಸದರಷ್ಟೇ ಚೆನ್ನಾಗಿತ್ತು ಅದು.

ಉಸ್ತಾದ್ ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. ಆ ಸಂಜೆ ಅದೇ ಪಾತ್ರೆ ತೊಳೆದು ಎಲ್ಲರಿಗೂ ಟೀ ಮಾಡು ಅಂದರು, ಅಷ್ಟೇ.

ನಡೆದದ್ದು ಇಷ್ಟು. ಥರ್ಮೋಸ್ಟಾಟ್ ತೆಗೆದಾಗ ತಣ್ಣನೆ ಎಂಜಿನ್‌ನಲ್ಲೂ ನೀರು ಮೊದಲ ನಿಮಿಷದಿಂದಲೇ ರೇಡಿಯೇಟರ್‌ಗೆ ಓಡುತ್ತದೆ. ಊರೊಳಗಿನ ಸಣ್ಣ ಓಡಾಟಕ್ಕೆ ಅರ್ಧ ರೇಡಿಯೇಟರೇ ಸಾಕು, ಹಾಗಾಗಿ ಮುಳ್ಳು ಮೇಲೇಳಲಿಲ್ಲ. ಆದರೆ ಎಂಪಿಎಫ್‌ಐ ಗಾಡಿಯಲ್ಲಿ ನೀರಿನ ಬಿಸಿ ಎಷ್ಟಿದೆ ಅಂತ ಒಂದು ಸೆನ್ಸರ್ ಎಂಜಿನ್ ಕಂಪ್ಯೂಟರಿಗೆ, ಅಂದ್ರೆ ಇಸಿಎಂಗೆ, ಹೇಳುತ್ತಿರುತ್ತದೆ. ಅದು "ಇನ್ನೂ ತಣ್ಣಗಿದೆ" ಅಂತಲೇ ಹೇಳುತ್ತಾ ಹೋದರೆ ಇಸಿಎಂ ಪೆಟ್ರೋಲ್ ಜಾಸ್ತಿ ಬಿಡುತ್ತಲೇ ಇರುತ್ತದೆ. ದಿನವಿಡೀ ಚೋಕ್ ಎಳೆದಿಟ್ಟು ಓಡಿಸಿದ ಹಾಗೆ. ಮೈಲೇಜ್ ಬಿತ್ತು, ಪ್ಲಗ್ ಕಪ್ಪಾಯ್ತು, ಉರಿಯದ ಪೆಟ್ರೋಲ್ ಇಳಿದು ಆಯಿಲ್ ತೆಳುವಾಯ್ತು. ನಿಜವಾದ ರೋಗ ಮಾತ್ರ ರೇಡಿಯೇಟರ್ ಒಳಗೆ ಹಾಗೇ ಕೂತಿತ್ತು, ಘಾಟಿ ಬರುವುದನ್ನೇ ಕಾಯುತ್ತಾ.

ಹೆಡ್ ಮೇಲೆ ಸ್ಟೀಲ್ ಪಟ್ಟಿ ಇಟ್ಟು ನೋಡಿದರೆ ನಡುವೆ 0.10 ಮಿ.ಮೀ. ದಪ್ಪದ ಫೀಲರ್ ಪಟ್ಟಿ ಸಲೀಸಾಗಿ ಹೋಯಿತು. 0.05 ಮಿ.ಮೀ.ಗಿಂತ ಜಾಸ್ತಿ ಡೊಂಕಿರಬಾರದು. ಲೇತ್‌ಗೆ ಕಳಿಸಿ ಹೆಡ್ಡನ್ನು ಮಟ್ಟಸ ಮಾಡುವ ಫೇಸಿಂಗ್ ಮಾಡಿಸಿ, ಹೊಸ ಗ್ಯಾಸ್ಕೆಟ್, ಹೊಸ ರೇಡಿಯೇಟರ್, ಅದೇ ಹಳೇ ಥರ್ಮೋಸ್ಟಾಟ್ ವಾಪಸ್. ಹೆಡ್ ಬೋಲ್ಟನ್ನು ನಡುವಿನಿಂದ ಹೊರಗಡೆಗೆ, ಹಂತ ಹಂತವಾಗಿ ಟಾರ್ಕ್ ರೆಂಚ್‌ನಲ್ಲೇ ಬಿಗಿಸಿದ್ದು ನಾನು. ಉಸ್ತಾದ್ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದರು.

ಮೇಷ್ಟ್ರಿಗೆ ಹೇಳಲೇಬೇಕಲ್ಲ, ನಾನೇ ಹೇಳಿದೆ. "ಸಾರ್, ನಾನು ತೆಗೆದಿದ್ದು ಸರಿಯಾಗೇ ಇತ್ತು. ಕೆಟ್ಟಿದ್ದು ರೇಡಿಯೇಟರ್." ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಅಂದ್ರೆ ಸುಮ್ನೆ ಕೂತಿದ್ದ ಹುಡುಗನ್ನ ಕ್ಲಾಸಿಂದ ಆಚೆ ಹಾಕಿ, ಗಲಾಟೆ ಮಾಡ್ತಿದ್ದೋನನ್ನ ಒಳಗೇ ಕೂರಿಸಿದ್ಯಾ?" ಅಂದರು. ಮುವ್ವತ್ತೈದು ವರ್ಷ ಪಾಠ ಮಾಡಿದವರು. ಬಿಲ್‌ನಲ್ಲಿ ಲೇಬರ್ ಹಾಕಲಿಲ್ಲ, ಉಸ್ತಾದ್ ಅದನ್ನು ನನ್ನ ಸಂಬಳದಲ್ಲಿ ಮೂರು ತಿಂಗಳು ಹಿಡಿದುಕೊಂಡರು.

ಮೊನ್ನೆ ಬಂದ ಹುಡುಗನಿಗೆ ನಾನು ಕೇಳಿದ್ದು, ಯಾವಾಗ ಹೀಟ್ ಆಗುತ್ತೆ ಅಂತ. ಸಿಗ್ನಲ್‌ನಲ್ಲಿ ನಿಂತಾಗ ಮಾತ್ರವಂತೆ, ಹೈವೇಯಲ್ಲಿ ಇಳಿದುಬಿಡುತ್ತಂತೆ. ಹಾಗಿದ್ದರೆ ಮೊದಲ ಅನುಮಾನ ಫ್ಯಾನ್ ಮೇಲೆ. ಓಡುವಾಗ, ಏರು ಹತ್ತುವಾಗ ಹೀಟ್ ಆದರೆ ರೇಡಿಯೇಟರ್ ನೋಡಬೇಕು. ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿದ ಕೂಡಲೇ ಗುಳುಗುಳು ಗುಳ್ಳೆ ಬಂದರೆ ಗ್ಯಾಸ್ಕೆಟ್. ಕ್ಯಾಪ್ ತೆಗೆಯೋದು ಎಂಜಿನ್ ಪೂರ್ತಿ ತಣ್ಣಗಿದ್ದಾಗ ಮಾತ್ರ, ನನ್ನ ಎಡಗೈ ಮೇಲಿನ ಕಲೆ ಅದರದ್ದೇ. ಹೀಟ್ ಜೊತೆ ಬ್ಯಾಟರಿ ಲೈಟೂ ಹತ್ತಿದರೆ ಬೆಲ್ಟ್ ನೋಡಿ, ಈ ಎಂಜಿನ್‌ನಲ್ಲಿ ಆಲ್ಟರ್ನೇಟರನ್ನೂ ವಾಟರ್ ಪಂಪನ್ನೂ ತಿರುಗಿಸೋದು ಒಂದೇ ಬೆಲ್ಟು. ಹುಡುಗನ ಗಾಡಿಯಲ್ಲಿ ಫ್ಯಾನ್ ಕನೆಕ್ಟರ್ ಪಿನ್ ಕಿಲುಬು ಹಿಡಿದಿತ್ತು. ಉಜ್ಜಿ ಹಾಕಿದ ಮೇಲೆ ತಿರುಗಿತು. ಅವನಿಗೆ ಸ್ವಲ್ಪ ನಿರಾಸೆಯೇ ಆಯಿತು ಅನ್ನಿಸುತ್ತೆ, ಏನೋ ದೊಡ್ಡದು ಬಿಚ್ಚುತ್ತೇನೆ ಅಂದುಕೊಂಡಿದ್ದ.

ಮೇಷ್ಟ್ರ ಎಸ್ಟೀಮ್ ಇನ್ನೂ ಇದೆ, ಈಗ ಮಗ ಓಡಿಸುತ್ತಾನೆ. ಡಿಕ್ಕಿಯಲ್ಲಿ ಕೂಲಂಟ್ ಮಿಕ್ಸ್ ಮಾಡಿದ ಒಂದು ಬಾಟಲ್ ಯಾವಾಗಲೂ ಇರುತ್ತದೆ. ಅದರ ಮೇಲೆ ಬಿಳಿ ಕಾಗದ ಅಂಟಿಸಿ, ಕರಿಹಲಗೆ ಮೇಲೆ ಬರೆದ ಹಾಗೆ ದುಂಡಗಿನ ಅಕ್ಷರದಲ್ಲಿ ಮೇಷ್ಟ್ರು ಬರೆದಿದ್ದಾರೆ: "ಇದು ಎಂಜಿನ್ನಿನ ನೀರು. ಕುಡಿಯಬಾರದು. ತುಳಸಿಗೂ ಹಾಕಬಾರದು."