ಆರು ವಿಭಕ್ತಿಗಳ ಮಾಸ್ಕೋ

ಸಂಚಿಕೆಯ ಸಂಪಾದಕರು ಮಾಸ್ಕೋದ ಹಿಮ, ಕೆಂಪು ಚೌಕ, ಹಾಸ್ಟೆಲಿನ ಊಟ ಇವುಗಳ ಬಗ್ಗೆ ಬರೆದುಕೊಡಿ ಎಂದು ಕೇಳಿದ್ದರು. ಅವುಗಳ ಬಗ್ಗೆ ಬರೆದವರು ಬೇಕಾದಷ್ಟು ಜನರಿದ್ದಾರೆ. ನಾನು ರಷ್ಯನ್ ನಾಮಪದದ ಬಗ್ಗೆ ಬರೆಯುತ್ತೇನೆ. ಆ ಊರಿನ ಮೊದಲ ವರ್ಷದಲ್ಲಿ ನನ್ನ ಹಗಲು ರಾತ್ರಿಗಳನ್ನೆಲ್ಲ ತಿಂದುಹಾಕಿದ್ದು ಅದೇ. ಅದನ್ನು ಎದುರಿಸಲು ಬೇಕಾದ ಅರ್ಧ ಸಾಮಗ್ರಿ ನನಗೆ ಸಿಕ್ಕಿದ್ದು ಈ ಕಾಲೇಜಿನ ಕನ್ನಡ ತರಗತಿಯಲ್ಲಿ. ಹಾಗಾಗಿ ವಿಷಯ ಈ ಸಂಚಿಕೆಗೆ ತೀರಾ ಹೊರಗಿನದೂ ಅಲ್ಲ.

ನಾನು ಸೇರಿದ್ದು ಜನಮೈತ್ರಿ ವಿಶ್ವವಿದ್ಯಾಲಯಕ್ಕೆ. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ವಿದ್ಯಾರ್ಥಿಗಳಿಗಾಗಿ 1960ರಲ್ಲಿ ಸೋವಿಯತ್ ಸರ್ಕಾರ ಕಟ್ಟಿದ ಸಂಸ್ಥೆ ಅದು. ಕಾಂಗೋದ ಪ್ರಧಾನಿಯಾಗಿದ್ದ ಪತ್ರೀಸ್ ಲುಮುಂಬಾ ಹತ್ಯೆಯಾದ ಮೇಲೆ, 1961ರಲ್ಲಿ, ಅವರ ಹೆಸರನ್ನು ಅದಕ್ಕಿಟ್ಟರು. ಕೃಷಿ ಓದಲು ಬಂದವನಾಗಲಿ ವೈದ್ಯಕೀಯ ಓದಲು ಬಂದವನಾಗಲಿ, ಮೊದಲ ವರ್ಷ ಪೂರ್ವಸಿದ್ಧತಾ ವಿಭಾಗದಲ್ಲಿ ರಷ್ಯನ್ ಕಲಿಯಲೇಬೇಕಿತ್ತು. ಪಾಠ ನಡೆಯುತ್ತಿದ್ದುದೂ ರಷ್ಯನ್ನಿನಲ್ಲೇ. ಲಾವೋಸಿನವನು, ಪೆರುವಿನವಳು, ಇಥಿಯೋಪಿಯಾದವನು, ಮಂಡ್ಯ ಜಿಲ್ಲೆಯ ನಾನು ಒಂದೇ ಬೆಂಚಿನಲ್ಲಿ ಕುಳಿತರೆ ಅಧ್ಯಾಪಕಿಗೆ ಬೇರೆ ದಾರಿಯಾದರೂ ಎಲ್ಲಿತ್ತು!

ರಷ್ಯನ್ನಿಗೆ ಆರು ವಿಭಕ್ತಿಗಳು. ಅಲ್ಲಿನ ಶಾಲಾಮಕ್ಕಳು ಅವುಗಳ ಕ್ರಮವನ್ನು ನೆನಪಿಟ್ಟುಕೊಳ್ಳಲು ಒಂದು ಪದ್ಯದ ಸಾಲು ಹೇಳುತ್ತಾರೆ: ‘ಇವಾನ್ ರದೀಲ್ ದೆವ್ಚೋಂಕು, ವೆಲೇಲ್ ತಶ್ಶೀತ್ ಪೆಲ್ಯೋಂಕು’. ಇವಾನ ಹೆಣ್ಣು ಮಗು ಹೆತ್ತ, ಸುತ್ತುವ ಬಟ್ಟೆ ತರಲು ಹೇಳಿದ ಎಂದು ಅರ್ಥ. ಗಂಡಸು ಹೆತ್ತಿದ್ದು ಹೇಗೆ ಎಂದು ಯಾರೂ ಕೇಳುವುದಿಲ್ಲ; ಪ್ರತಿ ಪದದ ಮೊದಲ ಅಕ್ಷರ ಒಂದೊಂದು ವಿಭಕ್ತಿಯ ಹೆಸರಿನ ಮೊದಲ ಅಕ್ಷರ, ಅಷ್ಟೇ. ನಮ್ಮ ಅಧ್ಯಾಪಕಿ ಮಾತ್ರ ಈ ಸಾಲಿಗಿಂತ ಪ್ರಶ್ನೆಗಳನ್ನು ಹೆಚ್ಚು ನಂಬಿದ್ದರು. ಹಲಗೆಯ ಮೇಲೆ ‘ಕ್ತೋ? ಕವೋ? ಕಮೂ? ಕೇಮ್?’ ಎಂದು ಬರೆದು ನಮ್ಮತ್ತ ತಿರುಗಿದರು. ಯಾರು? ಯಾರನ್ನು? ಯಾರಿಗೆ? ಯಾರಿಂದ? ಇಲ್ಲಿ ನಮ್ಮ ಕನ್ನಡ ಮೇಷ್ಟರು ಪಿಯುಸಿ ತರಗತಿಯಲ್ಲಿ ಬೆತ್ತ ಆಡಿಸುತ್ತಾ ಕೇಳುತ್ತಿದ್ದ ಪ್ರಶ್ನೆಗಳೇ ಅವು. ಸೋವಿಯತ್ ಅಂಚೆ ಲಕೋಟೆಯ ಮೇಲೂ ‘ಕುದಾ’, ‘ಕಮೂ’ ಎಂದೇ ಅಚ್ಚಾಗಿರುತ್ತಿತ್ತು: ಎಲ್ಲಿಗೆ, ಯಾರಿಗೆ. ಮನೆಗೆ ಕಾಗದ ಹಾಕುವಾಗಲೂ ಚತುರ್ಥಿಯಿಂದ ಬಿಡುಗಡೆ ಇರಲಿಲ್ಲ.

ಭಾರತದಿಂದ ಬಂದ ಬಹುಪಾಲು ಹುಡುಗರು ಎಲ್ಲವನ್ನೂ ಇಂಗ್ಲಿಷಿನ ಮೂಲಕ ಅರ್ಥ ಮಾಡಿಕೊಳ್ಳಲು ಹೊರಟಿದ್ದರು. ನನ್ನ ಪ್ರಕಾರ ಅದೇ ಅವರ ಕಷ್ಟದ ಬುಡ. ‘ಮ್ನೆ ಖೋಲದ್ನ’ ಎಂಬುದನ್ನು ಇಂಗ್ಲಿಷಿನಿಂದ ಹೊರಟವನು ‘ನಾನು ಚಳಿಯಾಗಿದ್ದೇನೆ’ ಎಂಬಲ್ಲಿಂದ ಎಳೆದು ತರಬೇಕು. ನನಗೆ ಅದು ‘ನನಗೆ ಚಳಿ’, ಪದಕ್ಕೆ ಪದ. ‘ಮ್ನೆ ದ್ವಾದ್ಸತ್ ಲೇತ್’ ಎಂದರೆ ನನಗೆ ಇಪ್ಪತ್ತು ವರ್ಷ. ‘ಯಾ ಸ್ತುದ್ಯೇಂತ್’ ಎಂದರೆ ನಾನು ವಿದ್ಯಾರ್ಥಿ. ನಡುವೆ ಇದ್ದೇನೆ ಎಂಬ ಕ್ರಿಯಾಪದದ ಹಂಗೇ ಇಲ್ಲ. ಇಷ್ಟ, ಬೇಕು, ಬೇಸರ, ಎಲ್ಲದಕ್ಕೂ ಅವರು ನಮ್ಮ ಹಾಗೆಯೇ ಅನುಭವಿಸುವವನನ್ನು ಚತುರ್ಥಿಯಲ್ಲಿ ಕೂರಿಸುತ್ತಾರೆ. ರಷ್ಯನ್ನಿಗೂ ಸಂಸ್ಕೃತಕ್ಕೂ ಇರುವ ನಂಟಿನ ಬಗ್ಗೆ ಭಾಷಣ ಮಾಡುವವರನ್ನು ನಾನು ಬಹಳ ನೋಡಿದ್ದೇನೆ. ನಂಟು ನಿಜ. ಆದರೆ ಡಿಸೆಂಬರ್ ಚಳಿಯಲ್ಲಿ ಕೆಲಸಕ್ಕೆ ಬಂದದ್ದು ನಂಟೇ ಇಲ್ಲದ ಕನ್ನಡ.

ದ್ವಿತೀಯಾ ವಿಭಕ್ತಿಯಲ್ಲಂತೂ ನಾನು ಬೆರಗಾದೆ. ರಷ್ಯನ್ನಿನಲ್ಲಿ ‘ಮೇಜನ್ನು ನೋಡುತ್ತೇನೆ’ ಎನ್ನಲು ‘ವೀಝು ಸ್ತೋಲ್’ ಸಾಕು, ಮೇಜು ಅಲುಗಾಡುವುದಿಲ್ಲ. ವಿದ್ಯಾರ್ಥಿಯನ್ನು ನೋಡಿದರೆ ಮಾತ್ರ ‘ವೀಝು ಸ್ತುದ್ಯೇಂತ’. ಪುಲ್ಲಿಂಗದಲ್ಲಿ ಜೀವವಿದ್ದರೆ ರೂಪ ಬದಲಾಗಬೇಕು, ಇಲ್ಲದಿದ್ದರೆ ಇಲ್ಲ. ತರಗತಿಯ ಉಳಿದವರು ಇದೆಂಥ ವಿಚಿತ್ರ ಎಂದು ಗೊಣಗಿದರು. ನಾವಾದರೋ ‘ಹಣ್ಣು ತಿಂದೆ’ ಎನ್ನುತ್ತೇವೆ, ‘ಹುಡುಗ ಕರೆದೆ’ ಎನ್ನುವುದಿಲ್ಲ. ಹುಡುಗನಿಗೆ ‘ಅನ್ನು’ ಬೇಕೇ ಬೇಕು. ಜೀವ ಯಾವುದಕ್ಕೆ ಇದೆ ಎಂಬ ವಿಚಾರದಲ್ಲಿ ಮಾತ್ರ ರಷ್ಯನ್ನರ ಲೆಕ್ಕ ಬೇರೆ. ‘ತ್ರೂಪ್’ ಎಂದರೆ ಶವ, ಅದು ನಿರ್ಜೀವ. ಆದರೆ ‘ಪಕೋಯ್ನಿಕ್’ ಎಂದರೆ ತೀರಿಕೊಂಡವನು, ಅವನು ವ್ಯಾಕರಣದಲ್ಲಿ ಇನ್ನೂ ಬದುಕಿದ್ದಾನೆ. ಗೊಂಬೆಗಳಿಗೆ ಜೀವವಿದೆ. ಚದುರಂಗದ ಕಾಯಿಗಳಿಗೂ ಇದೆ: ಕುದುರೆ, ಆನೆ, ಮಂತ್ರಿ ಯಾವುದನ್ನು ಹೊಡೆದರೂ ಜೀವಿಯ ರೂಪವನ್ನೇ ಬಳಸಬೇಕು. ಹಾಸ್ಟೆಲಿನ ಚದುರಂಗದ ಮಣೆಯ ಮುಂದೆ ನಾನು ಕಲಿತಷ್ಟು ದ್ವಿತೀಯೆಯನ್ನು ತರಗತಿಯಲ್ಲಿ ಕಲಿಯಲಿಲ್ಲ. (ಅವರ ಆನೆ ನಿಲ್ಲುವುದು ನಮ್ಮ ಒಂಟೆಯ ಮನೆಯಲ್ಲಿ. ಮೂಲೆಯಲ್ಲಿರುವುದು ದೋಣಿ. ಇದಕ್ಕೆ ಹೊಂದಿಕೊಳ್ಳಲು ವಿಭಕ್ತಿಗಿಂತ ಹೆಚ್ಚು ಕಾಲ ಹಿಡಿಯಿತು.)

ಇಷ್ಟು ಕೇಳಿ ಕನ್ನಡಿಗನಿಗೆ ರಷ್ಯನ್ ಸುಲಭ ಎಂದುಕೊಂಡರೆ ಲಿಂಗದ ಮುಂದೆ ಸೋಲಬೇಕಾಗುತ್ತದೆ. ನಮ್ಮಲ್ಲಿ ಲಿಂಗ ಅರ್ಥವನ್ನು ಹಿಂಬಾಲಿಸುತ್ತದೆ; ಮೇಜು, ಪುಸ್ತಕ, ಕಿಟಕಿ ಎಲ್ಲವೂ ‘ಅದು’. ಅಲ್ಲಿ ಮೇಜು ಗಂಡು, ಪುಸ್ತಕ ಹೆಣ್ಣು, ಕಿಟಕಿ ಮಾತ್ರ ನಪುಂಸಕ. ವ್ಯಂಜನದಲ್ಲಿ ಮುಗಿದರೆ ಪುಲ್ಲಿಂಗ, ‘ಆ’ಕಾರದಲ್ಲಿ ಮುಗಿದರೆ ಸ್ತ್ರೀಲಿಂಗ ಎಂಬುದು ಮೊದಲ ವಾರದ ನಿಯಮ. ಎರಡನೆಯ ವಾರ ‘ಪಾಪಾ’ (ಅಪ್ಪ), ‘ದ್ಯಾದ್ಯಾ’ (ಮಾವ, ಚಿಕ್ಕಪ್ಪ ಎಲ್ಲ ಸೇರಿ) ಬಂದು ಆ ನಿಯಮದ ಮೇಲೆ ಕೂತರು. ಮೃದುತ್ವದ ಚಿಹ್ನೆ ಎಂಬ, ತನ್ನದೇ ಉಚ್ಚಾರವಿಲ್ಲದ ಅಕ್ಷರದಿಂದ ಮುಗಿಯುವ ಪದಗಳದು ಇನ್ನೊಂದು ತಕರಾರು: ಹಗಲು ಗಂಡು, ರಾತ್ರಿ ಹೆಣ್ಣು, ನೋಡಿದರೆ ಎರಡರದೂ ಒಂದೇ ಬಾಲ. ಪೆರುವಿನ ಸಹಪಾಠಿಗೆ ಇದು ಸ್ಪ್ಯಾನಿಷಿನಿಂದ ಅಭ್ಯಾಸವಾದ ವಿಷಯ, ಆಕೆ ಲಿಂಗದಲ್ಲಿ ನಗುತ್ತಾ ಪಾಸಾಗಿ ವಿಭಕ್ತಿಯಲ್ಲಿ ಅಳುತ್ತಿದ್ದಳು. ನನ್ನದು ಅದರ ತಿರುಗುಮುರುಗು. ಲಾವೋಸಿನ ಹುಡುಗನ ಭಾಷೆಯಲ್ಲಿ ಎರಡೂ ಇರಲಿಲ್ಲ. ಅವನೇ ನಮಗಿಂತ ಶಿಸ್ತಾಗಿ ಕಲಿತ.

ಪ್ರತ್ಯಯಗಳ ವಿಚಾರದಲ್ಲೂ ಕನ್ನಡದ ಸಹಾಯಕ್ಕೆ ಒಂದು ಮಿತಿ ಇತ್ತು. ಮರದಲ್ಲಿ, ಮನೆಯಲ್ಲಿ, ಊರಿನಲ್ಲಿ, ಮರಗಳಲ್ಲಿ: ನಡುವೆ ಏನೇ ಬರಲಿ, ‘ಅಲ್ಲಿ’ ಮಾತ್ರ ಅಲ್ಲೇ ಇರುತ್ತದೆ. ‘ಗಳು’ ಬೇಕೆಂದರೆ ಸೇರಿಸಬಹುದು, ಬೇಡವೆಂದರೆ ಬಿಚ್ಚಬಹುದು. ರಷ್ಯನ್ನಿನಲ್ಲಿ ಲಿಂಗ, ವಚನ, ವಿಭಕ್ತಿ ಮೂರೂ ಕರಗಿ ಒಂದೇ ಸ್ವರವಾಗುತ್ತವೆ. ಕೊನೆಯಲ್ಲಿ ‘ಉ’ ಕೇಳಿಸಿದರೆ ಅದು ಪುಲ್ಲಿಂಗದ ಚತುರ್ಥಿ ಇರಬಹುದು, ಸ್ತ್ರೀಲಿಂಗದ ದ್ವಿತೀಯಾ ಇರಬಹುದು, ‘ವ್ ಲೆಸೂ’ (ಕಾಡಿನಲ್ಲಿ) ಎಂಬಂಥ ಕೆಲವು ಪದಗಳಲ್ಲಿ ಸಪ್ತಮಿಯೂ ಇರಬಹುದು. ಪದದ ಲಿಂಗ ಗೊತ್ತಿಲ್ಲದವನಿಗೆ ಪ್ರತ್ಯಯದ ಅರ್ಥವೂ ಗೊತ್ತಾಗುವುದಿಲ್ಲ. ಅಕ್ಟೋಬರ್ ತಿಂಗಳಿಡೀ ಪ್ರತಿ ನಾಮಪದಕ್ಕೂ ಬಣ್ಣದ ಪೆನ್ಸಿಲಿನಲ್ಲಿ ಲಿಂಗದ ಗುರುತು ಹಾಕಿಕೊಂಡು ಓಡಾಡಿದ್ದು ಈ ಕಾರಣಕ್ಕೆ.

ಷಷ್ಠಿಯನ್ನು ಕಲಿಸಿದ್ದು ಮಾಸ್ಕೋ ನಗರವೇ. ನಮ್ಮ ಹಾಸ್ಟೆಲಿದ್ದ ಬೀದಿಯ ಹೆಸರು ‘ಮಿಕ್ಲೂಖೊ-ಮಕ್ಲಾಯಾ’. ನ್ಯೂಗಿನಿಯ ಜನರ ನಡುವೆ ಬದುಕಿ ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಮಿಕ್ಲೂಖೊ-ಮಕ್ಲಾಯ್ ಅವರ ಬೀದಿ ಅದು. ಕೊನೆಯ ‘ಯಾ’ ಅವರದಲ್ಲ, ಷಷ್ಠಿಯದು. ‘ಪ್ರಸ್ಪೇಕ್ತ್ ಮಾರ್ಕ್ಸಾ’ (ಮಾರ್ಕ್ಸನ ಹೆಬ್ಬೀದಿ), ‘ಬಿಬ್ಲಿಯತ್ಯೇಕಾ ಇಮೆನಿ ಲೇನಿನಾ’ (ಲೆನಿನನ ಹೆಸರಿನ ಗ್ರಂಥಾಲಯ): ಆಗಿನ ಮೆಟ್ರೋ ನಕ್ಷೆಯೇ ಒಂದು ವ್ಯಾಕರಣ ಪುಸ್ತಕ. ಇನ್ನು ಸಂಖ್ಯೆಗಳು. ಒಂದಕ್ಕೆ ಪ್ರಥಮಾ, ಎರಡು, ಮೂರು, ನಾಲ್ಕಕ್ಕೆ ಷಷ್ಠಿಯ ಏಕವಚನ, ಐದರಿಂದ ಮೇಲೆ ಷಷ್ಠಿಯ ಬಹುವಚನ, ಇಪ್ಪತ್ತೊಂದಕ್ಕೆ ಮತ್ತೆ ಪ್ರಥಮಾ ಏಕವಚನ. ಕೇಳಿದರೆ ತಲೆ ತಿರುಗುತ್ತದೆ. ಆದರೆ ಆ ಕಾಲದ ಮಾಸ್ಕೋದಲ್ಲಿ ಬೀದಿ ಬದಿಯ ಯಂತ್ರದಲ್ಲಿ ಬರೀ ಸೋಡಾ ನೀರಿಗೆ ‘ಅದ್ನಾ ಕಪೇಯ್ಕಾ’ (ಒಂದು ಕಪೇಯ್ಕಾ, ಅಂದರೆ ಅವರ ಪೈಸೆ), ಸಾರ್ವಜನಿಕ ಫೋನಿಗೆ ‘ದ್ವೆ ಕಪೇಯ್ಕಿ’ (ಎರಡು), ಸಿಹಿ ಪಾನಕ ಬೆರೆಸಿದ ಸೋಡಾಕ್ಕೆ ‘ತ್ರಿ ಕಪೇಯ್ಕಿ’ (ಮೂರು), ಮೆಟ್ರೋಗೆ ‘ಪ್ಯಾತ್ ಕಪೇಯೆಕ್’ (ಐದು). ಜೇಬಿನ ಚಿಲ್ಲರೆಯಲ್ಲೇ ಇಡೀ ಸೂತ್ರ ಇತ್ತು. ಎರಡರ ಈ ವಿಶೇಷ ಹಕ್ಕು ಹಳೆಯ ರಷ್ಯನ್ನಿನ ದ್ವಿವಚನದ ಪಳೆಯುಳಿಕೆ ಎಂದು ಅಧ್ಯಾಪಕಿ ವಿವರಿಸಿದಾಗ, ‘ರಾಮಃ ರಾಮೌ ರಾಮಾಃ’ ಬಾಯಿಪಾಠ ಮಾಡಿದ್ದ ಧಾರವಾಡದ ಗೆಳೆಯ ಮೇಜು ಕುಟ್ಟಿದ. ಸಂಸ್ಕೃತದ ಪರವಾಗಿ ಇಷ್ಟನ್ನು ಒಪ್ಪುತ್ತೇನೆ.

ಅಂಗಡಿಯಲ್ಲಿ ಸಕ್ಕರೆ ಇದ್ದರೆ ‘ಸಾಖರ್’, ಇಲ್ಲದಿದ್ದರೆ ‘ಸಾಖರಾ ನ್ಯೆತ್’. ಇಲ್ಲದ ವಸ್ತುವೆಲ್ಲ ಷಷ್ಠಿಗೆ ಹೋಗಬೇಕು. ಅಂದಿನ ಅಂಗಡಿಗಳಲ್ಲಿ ಈ ಪಾಠಕ್ಕೆ ಉದಾಹರಣೆಗಳ ಕೊರತೆ ಇರಲಿಲ್ಲ.

ನಮ್ಮ ಹೆಸರುಗಳನ್ನೂ ಅವರು ಬಿಡಲಿಲ್ಲ. ಪಾಸ್‌ಪೋರ್ಟಿನಲ್ಲಿ ನಾಗರಾಜ್ ಎಂದಿದ್ದವನು ಪುಲ್ಲಿಂಗದಂತೆ ನಡೆದ; ಕೃಷ್ಣ ಎಂದಿದ್ದವನು ‘ಕ್ರಿಶ್ನು, ಕ್ರಿಶ್ನೆ, ಕ್ರಿಶ್ನೋಯ್’ ಎಂದು ಪುಸ್ತಕದಂತೆ, ಗಾಡಿಯಂತೆ, ಸ್ತ್ರೀಲಿಂಗದ ದಾರಿ ಹಿಡಿದ. ಲಕ್ಷ್ಮಿ ಯಾವ ವಿಭಕ್ತಿಗೂ ಜಗ್ಗಲಿಲ್ಲ. ಊರುಗಳಲ್ಲಿ ಮೈಸೂರು ಗಂಡು, ಶಿವಮೊಗ್ಗ ಹೆಣ್ಣು. ದೆಹಲಿ ರಾಜಧಾನಿಯ ಗತ್ತಿನಲ್ಲಿ ಬದಲಾಗದೆ ಕೂತಿತು.

ಫೆಬ್ರುವರಿಯಲ್ಲಿ ಕೃಷಿ ವಿಜ್ಞಾನದ ಪಾಠಗಳು ರಷ್ಯನ್ನಿನಲ್ಲಿ ಶುರುವಾದಾಗ ನಿಜವಾದ ಸಮಸ್ಯೆ ಎದುರಾಯಿತು. ‘ಧಾನ್ಯಗಳ ಇಳುವರಿಯ ಹೆಚ್ಚಳದ ಸಮಸ್ಯೆ’ ಎಂದು ನಾವು ಹೇಳುವುದನ್ನು ಅವರು ‘ಸಮಸ್ಯೆ, ಹೆಚ್ಚಳದ, ಇಳುವರಿಯ, ಧಾನ್ಯಗಳ’ ಎಂದು ಹೇಳುತ್ತಾರೆ. ಷಷ್ಠಿಯ ಸರಪಳಿ ಅದೇ, ಹಿಡಿಯುವ ತುದಿ ಮಾತ್ರ ಆ ಕಡೆಯದು. ಕನ್ನಡದಲ್ಲಿ ಟಿಪ್ಪಣಿ ಬರೆದುಕೊಳ್ಳಲು ಹೊರಟ ನಾನು ಸಾಲಿನ ಬಲತುದಿಯಲ್ಲಿ ‘ಸಮಸ್ಯೆ’ ಎಂದು ಬರೆದು, ಎಡಕ್ಕೆ ಒಂದೊಂದೇ ಪದ ಸೇರಿಸುತ್ತಾ ಹೋಗುತ್ತಿದ್ದೆ. ಪಕ್ಕದಲ್ಲಿದ್ದ ಸಿರಿಯಾದ ಹುಡುಗ ನನ್ನ ಪುಸ್ತಕ ನೋಡಿ, ನಿಮ್ಮದೂ ಅರಬ್ಬಿಯ ಹಾಗೆ ಬಲದಿಂದ ಬರೆಯುವ ಲಿಪಿಯೇ ಎಂದು ಕೇಳಿದ. ಹೌದೆಂದೆ. ವಿವರಿಸುತ್ತಾ ಕೂತಿದ್ದರೆ ಅಷ್ಟರಲ್ಲಿ ಉಪನ್ಯಾಸಕರು ಗೋಧಿಯನ್ನು ಮುಗಿಸಿ ಸೂರ್ಯಕಾಂತಿಗೆ ಹೋಗಿಬಿಡುತ್ತಿದ್ದರು.