‘ಅಪ್’ ಬಂದಲ್ಲೆಲ್ಲ ‘ಮೇಲೆ’ ಅನ್ನಬೇಡಿ

‘ಅಪ್’ ಅಂದರೆ ಮೇಲೆ, ‘ಡೌನ್’ ಅಂದರೆ ಕೆಳಗೆ ಅಂತ ಒಂದನೇ ಕ್ಲಾಸಿನಲ್ಲೇ ಹೇಳಿಕೊಟ್ಟು ಕೈತೊಳೆದುಕೊಳ್ಳುತ್ತೇವೆ. ‘ಸ್ಟ್ಯಾಂಡ್ ಅಪ್’ ತನಕ ಇದು ನಡೆಯುತ್ತದೆ. ‘ಡ್ರಿಂಕ್ ಅಪ್ ಯುವರ್ ಮಿಲ್ಕ್’ ಬಂದ ಕೂಡಲೇ ಕೈಕೊಡುತ್ತದೆ. ಹಾಲನ್ನು ಮೇಲಕ್ಕೆ ಕುಡಿಯುವುದು ಹೇಗೆ?

ಇಲ್ಲಿ ‘ಅಪ್’ ಮಾಡುವ ಕೆಲಸವನ್ನು ಕನ್ನಡದಲ್ಲಿ ‘ಬಿಡು’ ಮಾಡುತ್ತದೆ. ‘ಹಾಲು ಕುಡಿ’ ಬೇರೆ, ‘ಕುಡಿದುಬಿಡು’ ಬೇರೆ. ಎರಡನೆಯದಕ್ಕೆ ಲೋಟ ಖಾಲಿಯಾಗಬೇಕು. ‘ಟೇರ್ ಅಪ್’ ಅಂದರೆ ಹರಿದುಹಾಕು, ‘ಡ್ರೈ ಅಪ್’ ಅಂದರೆ ಬತ್ತಿಹೋಗು, ‘ಯೂಸ್ ಅಪ್’ ಅಂದರೆ ಬಳಸಿ ಮುಗಿಸು. ನಮ್ಮ ಬಿಡು, ಹಾಕು, ಹೋಗು ಕೂಡ ಇನ್ನೊಂದು ಕ್ರಿಯಾಪದದ ಬೆನ್ನಿಗೆ ಬಿದ್ದಾಗ ಮೂಲ ಅರ್ಥ ಕಳಚಿಕೊಳ್ಳುತ್ತವೆ. ‘ಮಲಗಿಬಿಟ್ಟ’ ಅನ್ನುವಾಗ ಯಾರೂ ಏನನ್ನೂ ಬಿಟ್ಟಿರುವುದಿಲ್ಲ. ‘ಟೈಮ್ ಈಸ್ ಅಪ್’ ಅನ್ನುವುದೂ ಇದೇ ಜಾತಿಯದು: ಹೊತ್ತು ಮುಗಿಯಿತು.

ಹೊಸದೊಂದು ಜೋಡಿ ಎದುರಾದರೆ ‘ಅಪ್’ ತೆಗೆದು ಓದಿ ನೋಡಿ. ‘ಕ್ಲೀನ್ ಅಪ್ ದ ರೂಮ್’ನಲ್ಲಿ ಅದನ್ನು ತೆಗೆದರೂ ಕೋಣೆ ಗುಡಿಸುವ ಕೆಲಸ ತಪ್ಪುವುದಿಲ್ಲ, ಒತ್ತು ಮಾತ್ರ ಇಳಿಯುತ್ತದೆ. ‘ಗಿವ್ ಅಪ್ ಸ್ಮೋಕಿಂಗ್’ನಲ್ಲಿ ತೆಗೆದರೆ ವಾಕ್ಯವೇ ಕುಸಿಯುತ್ತದೆ. ಅಂಥವನ್ನು ಇಡಿಯಾಗಿ ಒಂದೇ ಪದವೆಂದು ಬಾಯಿಪಾಠ ಮಾಡುವುದೇ ದಾರಿ. ಅವುಗಳಲ್ಲಿ ‘ಮೇಕ್ ಅಪ್’ ಮಹಾ ಕಿಲಾಡಿ: ಕಥೆ ಕಟ್ಟುವುದಕ್ಕೂ ಅದೇ, ಜಗಳವಾಡಿದವರು ರಾಜಿಯಾಗುವುದಕ್ಕೂ ಅದೇ, ಮುಂದೆ ‘ಫಾರ್’ ಸೇರಿದರೆ ಸರಿದೂಗಿಸು, ‘ಯುವರ್ ಮೈಂಡ್’ ಸೇರಿದರೆ ನಿರ್ಧಾರ ಮಾಡು.

‘ಸ್ಲೋ ಅಪ್’, ‘ಸ್ಲೋ ಡೌನ್’ ಎರಡೂ ನಿಧಾನಿಸು ಅಂತಲೇ. ಬ್ರಿಟನ್ನಿನ ರೈಲಿನಲ್ಲಿ ಸಾಮಾನ್ಯವಾಗಿ ಲಂಡನ್ನಿನತ್ತ ಹೋಗುವ ಹಳಿ ‘ಅಪ್’. ಏರು, ಇಳಿಜಾರಿನ ಲೆಕ್ಕ ಅಲ್ಲಿಲ್ಲ. ಅಲ್ಲಿ ‘ದ ರೋಡ್ ಈಸ್ ಅಪ್’ ಅಂದರೆ ರಸ್ತೆ ಅಗೆದಿದ್ದಾರೆ ಅಂತ. ನಮ್ಮ ಬೆಂಗಳೂರಿಗೂ ಈ ಮಾತು ದಿನಬಳಕೆಗೆ ಒದಗೀತು.

ಪದಗಳನ್ನು ಇಡುವ ಜಾಗದಲ್ಲೂ ಎಡವುವುದುಂಟು. ‘ಪಿಕ್ ಅಪ್ ದ ಫೋನ್’, ‘ಪಿಕ್ ದ ಫೋನ್ ಅಪ್’ ಎರಡೂ ಸರಿ. ಫೋನಿನ ಬದಲು ‘ಇಟ್’ ಬಂದರೆ ‘ಪಿಕ್ ಇಟ್ ಅಪ್’ ಒಂದೇ ಸರಿ. ಸರ್ವನಾಮ ನಡುವೆಯೇ ಕೂರಬೇಕು. ಆದರೆ ಏಣಿ ಹತ್ತುವಾಗ ‘ಕ್ಲೈಂಬ್ ಅಪ್ ಇಟ್’ ಅನ್ನಬಹುದು, ಏಕೆಂದರೆ ಅಲ್ಲಿನ ‘ಅಪ್’ ಏಣಿಗೆ ಸೇರಿದ್ದು, ದಿಕ್ಕು ತೋರಿಸುವಂಥದ್ದು.

ಆಫೀಸಿನ ಮೇಲ್‌ಗಳಲ್ಲಿ ಕೆಡುವುದು ‘ಬ್ಯಾಕಪ್’. ನಾಮಪದವಾದರೆ ಒಂದೇ ಪದ, ಒತ್ತು ‘ಬ್ಯಾಕ್’ ಮೇಲೆ. ಕ್ರಿಯಾಪದವಾದರೆ ಬಿಡಿಸಿ ಬರೆಯಬೇಕು, ಒತ್ತು ‘ಅಪ್’ ಕಡೆಗೆ ಜಾರುತ್ತದೆ. ಹಾಗಾಗಿ ಭೂತಕಾಲದಲ್ಲಿ ‘ಬ್ಯಾಕ್ಡ್ ಅಪ್’ ಆಗುತ್ತದೆಯೇ ಹೊರತು ‘ಬ್ಯಾಕಪ್ಡ್’ ಅಲ್ಲ. ಫಾರಂ ತುಂಬುವುದಕ್ಕೆ ನಾವು ‘ಫಿಲ್ ಅಪ್’ ಅನ್ನುತ್ತೇವೆ. ಬ್ರಿಟನ್ನಿನವರು ಹೆಚ್ಚಾಗಿ ‘ಫಿಲ್ ಇನ್’, ಅಮೆರಿಕದವರು ‘ಫಿಲ್ ಔಟ್’ ಅನ್ನುತ್ತಾರೆ. ಇದನ್ನು ದೊಡ್ಡ ತಪ್ಪೆಂದು ಹಿಡಿಯಬೇಕಿಲ್ಲ. ಆದರೆ ‘ಕೋಪ್ ಅಪ್ ವಿತ್’ ಮಾತ್ರ ಬೇಡ. ‘ಕೀಪ್ ಅಪ್ ವಿತ್’, ‘ಕ್ಯಾಚ್ ಅಪ್ ವಿತ್’ಗಳ ಸಹವಾಸದಿಂದ ಅದಕ್ಕೊಂದು ಬಾಲ ಅಂಟಿಕೊಂಡಿರಬೇಕು, ‘ಕೋಪ್ ವಿತ್’ ಅಂದರೆ ಸಾಕು.