ಗಾಯ ಮಾಯ್ದ ಮೇಲೂ ಉಳಿಯುವ ನೋವು: ಫಿಸಿಯೋಥೆರಪಿ ಕೋಣೆಯಲ್ಲಿ ಕಲಿತದ್ದು

ಸ್ತನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾದ ಮಹಿಳೆಯರು ನಮ್ಮ ವಿಭಾಗಕ್ಕೆ ಬರುವಾಗ ಅವರ ಕೈಯಲ್ಲಿ ಸಾಮಾನ್ಯವಾಗಿ ಒಂದೇ ಸಾಲಿನ ಚೀಟಿ ಇರುತ್ತದೆ: ‘ಭುಜದ ವ್ಯಾಯಾಮ ಕಲಿಸಿ’. ಉತ್ತರ ಕರ್ನಾಟಕದ ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವ ನಾನು ಈ ಕೆಲಸದಲ್ಲಿ ಕಲಿತ ಮುಖ್ಯ ಪಾಠವೆಂದರೆ, ಆ ಚೀಟಿಯನ್ನು ಬದಿಗಿಟ್ಟು ಮೊದಲು ನೋವು ಎಲ್ಲಿಂದ ಎಲ್ಲಿಯವರೆಗೆ ಹರಡಿದೆ ಎಂಬುದನ್ನು ಚರ್ಮದ ಮೇಲೆಯೇ ಪೆನ್ನಿನಿಂದ ಗುರುತು ಹಾಕಿ ನೋಡಬೇಕು ಎಂಬುದು. ‘ಕೈ ನೋಯುತ್ತದೆ’ ಎನ್ನುವ ಒಂದೇ ಮಾತಿನ ಹಿಂದೆ ಹಾನಿಗೊಂಡ ನರವಿರಬಹುದು, ಕಂಕುಳಿನಲ್ಲಿ ಬಿಗಿದುಕೊಂಡ ಹುರಿಯಿರಬಹುದು, ಅಲುಗಾಡಿಸದೆ ಗಟ್ಟಿಯಾದ ಭುಜದ ಕೀಲಿರಬಹುದು. ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ.

ಗಾಯ ಮಾಯ್ದು, ಶಸ್ತ್ರಚಿಕಿತ್ಸೆಯಾಗಿ ಮೂರು ತಿಂಗಳು ಕಳೆದರೂ ಎದೆ, ಕಂಕುಳು ಅಥವಾ ತೋಳಿನಲ್ಲಿ ಉಳಿಯುವ ನೋವನ್ನು ವೈದ್ಯಕೀಯದಲ್ಲಿ ದೀರ್ಘಕಾಲದ ನೋವೆಂದು ಪರಿಗಣಿಸುತ್ತಾರೆ. ಇದು ಎಲ್ಲೋ ಒಬ್ಬಿಬ್ಬರಿಗೆ ಬರುವ ತೊಂದರೆಯಲ್ಲ. ಡೆನ್ಮಾರ್ಕ್‌ನ ಮಹಿಳೆಯರನ್ನು ರಾಷ್ಟ್ರವ್ಯಾಪಿಯಾಗಿ ಪ್ರಶ್ನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಯಾಗಿ ಎರಡು-ಮೂರು ವರ್ಷಗಳಾದ ಮೇಲೂ ಶೇ 47ರಷ್ಟು ಮಂದಿ ನೋವಿದೆ ಎಂದಿದ್ದರು, ಮತ್ತು ಅಂಥವರಲ್ಲಿ ಶೇ 13ರಷ್ಟು ಮಂದಿಯ ನೋವು ತೀವ್ರವಾಗಿತ್ತು. ಅದೇ ಗುಂಪನ್ನು ಐದರಿಂದ ಏಳು ವರ್ಷಗಳ ಹಂತದಲ್ಲಿ ಮತ್ತೆ ವಿಚಾರಿಸಿದಾಗ ಶೇ 37ರಷ್ಟು ಮಂದಿಗೆ ನೋವಿತ್ತು. ಕಡಿಮೆ ವಯಸ್ಸು, ಕಂಕುಳಿನ ದುಗ್ಧರಸ ಗ್ರಂಥಿಗಳನ್ನು (ಲಿಂಫ್ ನೋಡ್) ಪೂರ್ತಿಯಾಗಿ ತೆಗೆದಿರುವುದು ಮತ್ತು ರೇಡಿಯೇಷನ್ (ನಮ್ಮಲ್ಲಿ ಬರುವವರ ಬಾಯಲ್ಲಿ ‘ಕರೆಂಟ್ ಕೊಡುವುದು’), ಇವು ಈ ನೋವಿನ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ನಮ್ಮ ದೇಶದಲ್ಲಿ ಈ ಕಾಯಿಲೆ ಪಾಶ್ಚಾತ್ಯ ದೇಶಗಳಿಗಿಂತ ಕಡಿಮೆ ವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ, ಗಡ್ಡೆ ದೊಡ್ಡದಾದ ಮೇಲೆಯೇ ಬರುವವರೂ ಬಹಳ. ಆದ್ದರಿಂದ ಈ ಮೂರೂ ಅಂಶಗಳು ಒಬ್ಬರಲ್ಲೇ ಕೂಡಿಬರುವುದನ್ನು ನಾವು ಮೇಲಿಂದ ಮೇಲೆ ನೋಡುತ್ತೇವೆ.

ಕಂಕುಳಿನ ಶಸ್ತ್ರಚಿಕಿತ್ಸೆಯಲ್ಲಿ ಹೆಚ್ಚಾಗಿ ಪೆಟ್ಟು ತಿನ್ನುವುದು ಇಂಟರ್‌ಕೋಸ್ಟೋಬ್ರೇಕಿಯಲ್ ಎಂಬ ನರ. ಎರಡನೆಯ ಪಕ್ಕೆಲುಬಿನ ಕೆಳಗಿನ ಸಂದಿನಿಂದ ಹೊರಬರುವ ಈ ನರವು ಕಂಕುಳಿನ ಕೊಬ್ಬನ್ನು ಅಡ್ಡಲಾಗಿ ದಾಟಿ ತೋಳಿನ ಒಳಮಗ್ಗುಲಿನ ಚರ್ಮಕ್ಕೆ ಸ್ಪರ್ಶವನ್ನು ಒದಗಿಸುತ್ತದೆ. ತೆಗೆಯಬೇಕಾದ ಗ್ರಂಥಿಗಳೂ ಅದೇ ಕೊಬ್ಬಿನೊಳಗೆ ಇರುವುದರಿಂದ ಅದನ್ನು ಉಳಿಸಿಕೊಳ್ಳುವುದು ಎಷ್ಟೇ ನುರಿತ ಶಸ್ತ್ರವೈದ್ಯರಿಗೂ ಎಲ್ಲ ಸಲ ಸಾಧ್ಯವಾಗುವುದಿಲ್ಲ. ನರ ತುಂಡಾಗಬಹುದು, ಜಗ್ಗಬಹುದು, ಮುಂದೆ ಗಾಯದ ಗಂಟಿನೊಳಗೆ ಸಿಕ್ಕಿಕೊಳ್ಳಬಹುದು. ಇದು ಸ್ನಾಯುಗಳನ್ನು ನಡೆಸುವ ನರವಲ್ಲವಾದ್ದರಿಂದ ಕೈ ಸಲೀಸಾಗಿ ಮೇಲೇಳುತ್ತದೆ, ನೋಡುವವರ ಕಣ್ಣಿಗೆ ಯಾವ ಕೊರತೆಯೂ ಕಾಣುವುದಿಲ್ಲ. ಆದರೆ ಮುಟ್ಟಿದರೆ ಅರಿವೇ ಇಲ್ಲದ ಜಾಗವೇ ಒಳಗಿನಿಂದ ಉರಿಯುತ್ತಿರುತ್ತದೆ. ಮರಗಟ್ಟಿದ ಚರ್ಮ ನೋಯುವುದು ಹೇಗೆ ಎಂದು ಮನೆಯವರು ನಂಬದಿರುವುದಕ್ಕೂ ಇದೇ ಕಾರಣ.

ರೈತಾಪಿ ಕುಟುಂಬದ ಮಹಿಳೆಯೊಬ್ಬರು ಮಗನೊಂದಿಗೆ ಬಂದಿದ್ದರು. ಕೇಳಿದ ಪ್ರಶ್ನೆಗಳಿಗೆಲ್ಲ ಫೈಲು ಹಿಡಿದು ನಿಂತ ಮಗನೇ ಉತ್ತರಿಸುತ್ತಿದ್ದ, ಅವನ ಲೆಕ್ಕದಲ್ಲಿ ತಾಯಿಗೆ ‘ಏನೂ ತ್ರಾಸಿಲ್ಲ’. ಪರದೆ ಎಳೆದು ಅವರೊಬ್ಬರನ್ನೇ ಕೂರಿಸಿಕೊಂಡು, “ಎಲ್ಲಿ ತ್ರಾಸೈತಿ ಅನ್ನೂದನ್ನ ನಿಮ್ಮ ಬಳ್ಳಿಂದನ ತೋರಸ್ರಿ ಅಕ್ಕಾರ” ಎಂದೆ. “ಗಾಯ ಮಾಯ್ದೈತ್ರಿ ಮೇಡಮ್ಮರ, ಆದ್ರ ಇಲ್ಲಿ ಉರೀತೈತಿ. ಜಂಪರ್ ತೋಳ ತಾಗಿದ್ರ ಬೆಂಕಿ ಇಟ್ಟಂಗ ಆಕ್ಕೈತಿ. ಜೀವ ಉಳದೈತಲ್ರಿ, ಇದನ್ನೇನ ಹೇಳೂದು ಅಂತ ಸುಮ್ಮಿದ್ದೆ” ಎಂದರು. ಹತ್ತಿಯ ಎಳೆಯೊಂದನ್ನು ಮೊದಲು ಆರೋಗ್ಯವಾಗಿದ್ದ ತೋಳಿನ ಮೇಲೆ, ಬಳಿಕ ಶಸ್ತ್ರಚಿಕಿತ್ಸೆಯಾದ ಕಡೆಯ ತೋಳಿನ ಮೇಲೆ ಮೊಣಕೈಯಿಂದ ಕಂಕುಳಿನತ್ತ ಸವರುತ್ತ ಹೋದಾಗ, ಒಂದು ಕಡೆ ಸ್ಪರ್ಶವೇ ತಿಳಿಯಲಿಲ್ಲ, ಅದರ ಅಂಚಿನಲ್ಲಿ ಮಾತ್ರ ಅವರು ಥಟ್ಟನೆ ಕೈ ಹಿಂದೆಳೆದುಕೊಂಡರು. ತಿಳಿಯದ ಜಾಗಕ್ಕೆ ನೀಲಿ ಗೆರೆಯನ್ನೂ ಸಹಿಸಲಾಗದ ಜಾಗಕ್ಕೆ ಕೆಂಪು ಗೆರೆಯನ್ನೂ ಎಳೆದೆ. ಜಂಪರ್ ತೋಳಿನ ಹೊಲಿಗೆ ಬಂದು ಕೂರುತ್ತಿದ್ದುದು ಸರಿಯಾಗಿ ಕೆಂಪು ಗೆರೆಯ ಮೇಲೆ.

ಆ ಗೆರೆಗಳನ್ನು ಕನ್ನಡಿಯಲ್ಲಿ ತೋರಿಸಿ, ಈ ನರ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ವಿವರಿಸುವುದು ಚಿಕಿತ್ಸೆಯ ಮೊದಲ ಭಾಗ. ಉರಿ ಬಂದಾಗಲೆಲ್ಲ ಕ್ಯಾನ್ಸರ್ ಮರಳಿತೇ ಎಂದು ಹೆದರಿ ನಿದ್ದೆಗೆಡುವವರೇ ಹೆಚ್ಚು, ನಿದ್ದೆಗೆಟ್ಟಷ್ಟೂ ನೋವು ಏರುತ್ತದೆ. ಎರಡನೆಯದಾಗಿ, ಸಹಿಸಲಾಗದ ಜಾಗವನ್ನು ಸ್ಪರ್ಶಕ್ಕೆ ಮತ್ತೆ ಒಗ್ಗಿಸಬೇಕಾಗುತ್ತದೆ: ಮೊದಲು ರೇಷ್ಮೆ ಬಟ್ಟೆ, ಕೆಲವು ದಿನಗಳ ನಂತರ ಹಳೆಯ ಹತ್ತಿ ಸೀರೆಯ ತುಂಡು, ಆಮೇಲೆ ಒರಟು ಟವೆಲ್ಲು, ಪ್ರತಿಯೊಂದನ್ನೂ ದಿನಕ್ಕೆ ಹಲವು ಸಲ ಸ್ವಲ್ಪ ಸ್ವಲ್ಪ ಹೊತ್ತು ಸವರಿಕೊಳ್ಳಬೇಕು. ಗಾಯ ಪೂರ್ತಿ ಮಾಯದಿದ್ದರೆ, ಇಲ್ಲವೇ ರೇಡಿಯೇಷನ್‌ನಿಂದ ಚರ್ಮ ಸುಲಿದಿದ್ದರೆ ಇದನ್ನು ಮಾಡಿಸುವುದಿಲ್ಲ. ಮೂರನೆಯದು ದರ್ಜಿಯ ಕೆಲಸ. ತೋಳನ್ನು ಸಡಿಲ ಮಾಡಿಸಿ, ಹೊಲಿಗೆಯ ಅಂಚು ಚರ್ಮಕ್ಕೆ ತಾಗದಂತೆ ಒಳಗೆ ಮೆತ್ತನೆಯ ಅಸ್ತರು ಕೊಡಿಸಲು ಹೇಳುತ್ತೇನೆ. ಎಡಗಡೆ ಶಸ್ತ್ರಚಿಕಿತ್ಸೆಯಾದವರಿಗೆ ಸೆರಗಿನ ಪಿನ್ನು, ಭಾರದ ಜರಿ ಸೆರಗು ಸಹ ತೊಂದರೆ ಕೊಡುತ್ತವೆ. ಇಂಥ ಸಂಗತಿಗಳು ನಮ್ಮ ಪಠ್ಯಪುಸ್ತಕಗಳಲ್ಲಿ ಇರುವುದಿಲ್ಲ, ಏಕೆಂದರೆ ಅವುಗಳನ್ನು ಬರೆದವರು ಸೀರೆ ಉಟ್ಟವರನ್ನು ನೋಡಿ ಬರೆದಿಲ್ಲ.

ಹುರಿಯಂಥ ಬಿಗಿತವನ್ನು ಗುರುತಿಸುವುದು ಇನ್ನೂ ಸುಲಭ. ಕೈಯನ್ನು ಪಕ್ಕಕ್ಕೆ ಚಾಚಿ ಮೇಲೆತ್ತಿಸಿದಾಗ ಕಂಕುಳಿನಿಂದ ಮೊಣಕೈವರೆಗೆ, ಕೆಲವರಲ್ಲಿ ಮಣಿಕಟ್ಟಿನವರೆಗೂ, ಚರ್ಮದಡಿಯಲ್ಲಿ ದಾರ ಎಳೆದಂತೆ ಎದ್ದು ಕಾಣುತ್ತದೆ. ಇದು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ನಂತರದ ಕೆಲವು ವಾರಗಳಲ್ಲೇ ಕಾಣಿಸಿಕೊಳ್ಳುತ್ತದೆ, ನಿಧಾನವಾಗಿ ಎಳೆಯುವ ವ್ಯಾಯಾಮದಿಂದ ಹೆಚ್ಚಿನವರಲ್ಲಿ ಕೆಲವು ತಿಂಗಳುಗಳಲ್ಲಿ ಸಡಿಲವಾಗುತ್ತದೆ.

ಭುಜದ ಬಿಗಿತ ಬಹುಪಾಲು ಕಾಳಜಿಯಿಂದಲೇ ಹುಟ್ಟುವ ತೊಂದರೆ ಎಂಬುದು ನನ್ನ ಅಭಿಪ್ರಾಯ. ‘ಆಪರೇಷನ್ ಆದ ಕೈ, ಅಲುಗಾಡಿಸಬೇಡ’ ಎಂದು ಮನೆಮಂದಿಯೆಲ್ಲ ಹೇಳುತ್ತಾರೆ. ತಿಂಗಳುಗಟ್ಟಲೆ ಕೈಯನ್ನು ಎದೆಗೆ ಅವಚಿಕೊಂಡು ಕುಳಿತವರಿಗೆ ಕೊನೆಗೆ ಹೆರಳು ಹಾಕಿಕೊಳ್ಳಲೂ ಆಗುವುದಿಲ್ಲ. ಬ್ರಿಟನ್ನಿನಲ್ಲಿ, ಭುಜದ ತೊಂದರೆಯ ಸಾಧ್ಯತೆ ಹೆಚ್ಚಿರುವ ಮಹಿಳೆಯರಿಗೆ ಶಸ್ತ್ರಚಿಕಿತ್ಸೆಯಾಗಿ ಏಳರಿಂದ ಹತ್ತು ದಿನಗಳಲ್ಲೇ ಫಿಸಿಯೋಥೆರಪಿಸ್ಟರ ನಿಗಾದಲ್ಲಿ ವ್ಯಾಯಾಮ ಆರಂಭಿಸಿ ನಡೆಸಿದ ಪರೀಕ್ಷೆಯ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಒಂದು ವರ್ಷದ ನಂತರ ಅವರ ಕೈಯ ಬಳಕೆ ಇತರರಿಗಿಂತ ಚೆನ್ನಾಗಿತ್ತು, ನೋವೂ ಕಡಿಮೆಯಿತ್ತು, ಬೇಗ ಶುರು ಮಾಡಿದ್ದಕ್ಕಾಗಿ ಕೈ ಬಾವು ಹೆಚ್ಚಾಗಲಿಲ್ಲ. ನಾನು ವ್ಯಾಯಾಮವನ್ನು ಅವರವರ ಕೆಲಸಕ್ಕೆ ಜೋಡಿಸುತ್ತೇನೆ. ಜೋಳದ ರೊಟ್ಟಿ ಬಡಿಯಬೇಕಾದವರಿಗೆ ಮೊದಲು ಒಂದೇ ರೊಟ್ಟಿ, ಎತ್ತರದ ಕಟ್ಟೆಯ ಮೇಲೆ, ಮುಂದೆ ನಿಧಾನವಾಗಿ ಹೆಚ್ಚಿಸುತ್ತ ಹೋಗುವುದು. ಗೋಡೆಯ ಮೇಲೆ ಬೆರಳು ನಡೆಸುವುದನ್ನು ಮರೆಯುವವರೂ ರೊಟ್ಟಿಯ ಲೆಕ್ಕವನ್ನು ತಪ್ಪದೆ ಒಪ್ಪಿಸುತ್ತಾರೆ.

ನರದ ನೋವಿಗೆ ಸಾಮಾನ್ಯ ನೋವಿನ ಗುಳಿಗೆಗಳಿಂದ ಸಿಗುವ ಉಪಶಮನ ಅಷ್ಟಕ್ಕಷ್ಟೇ. ವೈದ್ಯರು ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್‌ನಂಥ ಔಷಧಗಳನ್ನು ಸಣ್ಣ ಪ್ರಮಾಣದಿಂದ ಆರಂಭಿಸುತ್ತಾರೆ, ಅಗತ್ಯವಿದ್ದರೆ ಅರಿವಳಿಕೆ ತಜ್ಞರು ನರದ ಬಳಿ ಚುಚ್ಚುಮದ್ದು ನೀಡುತ್ತಾರೆ. ಔಷಧ ಬರೆಯುವುದು ನಮ್ಮ ಕೆಲಸವಲ್ಲ, ಆದರೆ ಫೈಲನ್ನು ಪೂರ್ತಿಯಾಗಿ ಓದುವುದು ನಮ್ಮ ಕೆಲಸವೇ. ನರದ ನೋವಿಗೆ ಕೊಡುವ ಡ್ಯುಲೋಕ್ಸೆಟಿನ್ ಗುಳಿಗೆಯು, ಸ್ತನ ಕ್ಯಾನ್ಸರ್ ಮರಳದಂತೆ ಕೊಡುವ ಟ್ಯಾಮಾಕ್ಸಿಫೆನ್ ದೇಹದಲ್ಲಿ ಸಕ್ರಿಯ ರೂಪಕ್ಕೆ ಬದಲಾಗಲು ಬೇಕಾದ ಕಿಣ್ವವನ್ನು ತಡೆಯುತ್ತದೆ. ಇವೆರಡನ್ನೂ ಬೇರೆ ಬೇರೆ ಕಡೆ ಬರೆಸಿಕೊಂಡು ಬಂದವರ ಚೀಟಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಕ್ಯಾನ್ಸರ್ ವೈದ್ಯರ ಗಮನಕ್ಕೆ ತರಲು ಅವಕಾಶವಾಗುತ್ತದೆ. ತಾನಾಗಿ ಗುಳಿಗೆ ನಿಲ್ಲಿಸುವಂತೆ ಮಾತ್ರ ಯಾರಿಗೂ ಹೇಳಬಾರದು.

ಚರ್ಮದ ಮೇಲಿನ ಗುರುತಿನಿಂದ ಇನ್ನೊಂದು ಪ್ರಯೋಜನವಿದೆ. ಪ್ರತಿ ಭೇಟಿಯಲ್ಲೂ ಅದನ್ನು ಕಾಗದದ ಮೇಲಿನ ದೇಹದ ಚಿತ್ರಕ್ಕೆ ಇಳಿಸಿ ಫೈಲಿನಲ್ಲಿಟ್ಟರೆ, ನೋವು ತನ್ನ ಜಾಗ ಬಿಟ್ಟು ಹೊರಟಾಗ ಅದು ಕಣ್ಣಿಗೆ ಬೀಳುತ್ತದೆ. ನರದ ಹಳೆಯ ನೋವು ಏರಿಳಿಯುತ್ತದೆಯೇ ಹೊರತು ಹೊಸ ದಾರಿ ಹಿಡಿಯುವುದು ಕಡಿಮೆ. ರಾತ್ರಿ ಮಲಗಿದಾಗ ಹೆಚ್ಚಾಗುತ್ತ ವಾರದಿಂದ ವಾರಕ್ಕೆ ಬೆಳೆಯುವ ಬೆನ್ನುನೋವು ಅಥವಾ ಪಕ್ಕೆಲುಬಿನ ನೋವು, ಬೆರಳುಗಳಲ್ಲಿ ಶಕ್ತಿ ಕುಂದುವುದು, ಕೈ ಇದ್ದಕ್ಕಿದ್ದಂತೆ ಊದಿಕೊಳ್ಳುವುದು, ಕತ್ತಿನ ಬುಡದಲ್ಲಿ ಅಥವಾ ಗಾಯದ ಗುರುತಿನಲ್ಲಿ ಗಂಟು ಕಾಣುವುದು, ಇವುಗಳಲ್ಲಿ ಒಂದು ಕಂಡರೂ ಆ ಮಹಿಳೆಯನ್ನು ಅದೇ ದಿನ ವೈದ್ಯರ ಬಳಿಗೆ ಕಳುಹಿಸುತ್ತೇನೆ, ತಪಾಸಣೆ ಮುಗಿಯುವವರೆಗೆ ವ್ಯಾಯಾಮವನ್ನು ಮುಂದುವರಿಸುವುದಿಲ್ಲ.